ಸೊಸೈಟಿಯ ತಾರಸಿಯಿಂದ ಮನೆಯ ಫ್ಯಾನಿನವರೆಗೆ: ವಿದ್ಯುತ್ ಉಳಿತಾಯದ ಕೆಲಸಕ್ಕೆ ಸರಕಾರಿ ನೆರವು ಪಡೆಯುವ ಬಗೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ವಿದ್ಯುತ್ ಬಿಲ್ಲಿನ ಮಾತು ಬಂದಾಗಲೆಲ್ಲ ಸೋಲಾರ್‌ಗೆ ಕೇಂದ್ರ ಸರಕಾರ ಕೊಡುವ 78,000 ರೂಪಾಯಿಯ ಮಾತೂ ಬರುತ್ತದೆ. ಊರಿನಲ್ಲಿ ಸ್ವಂತ ಸೂರಿರುವವರಿಗೆ ಆ ಹಣ ಪಡೆಯುವ ದಾರಿ ಸರಳವಾಗಿದೆ. ಆದರೆ ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲೋ ಮಾಟುಂಗದ ಹಳೆಯ ಬಾಡಿಗೆ ಕಟ್ಟಡದಲ್ಲೋ ಇರುವವರು ಯೋಜನೆಯ ಹೆಸರು ಹುಡುಕುವುದಕ್ಕಿಂತ ಮೊದಲು ಎರಡು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು: ತಾರಸಿಯ ಮೇಲೆ ಹಕ್ಕು ಯಾರಿಗಿದೆ, ಮತ್ತು ಮೀಟರ್ ಯಾರ ಹೆಸರಿನಲ್ಲಿದೆ. ಯಾವ ನೆರವು ನಮಗೆ ದಕ್ಕುತ್ತದೆ, ಯಾವುದು ದಕ್ಕುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಈ ಎರಡೇ ತೀರ್ಮಾನಿಸುತ್ತವೆ.

ಇಡೀ ಮನೆಯನ್ನು ಪರಿಶೀಲಿಸಿ, ಛಾವಣಿಯಿಂದ ಫ್ರಿಜ್‌ವರೆಗೆ ಎಲ್ಲವನ್ನೂ ಸುಧಾರಿಸಿ, ಖರ್ಚಿನ ಪಾಲು ಕೊಡುವ ಒಂದೇ ಯೋಜನೆಯನ್ನು ನಮ್ಮಲ್ಲಿ ನಿರೀಕ್ಷಿಸಬಾರದು. ನೆರವು ಹಲವು ಕಡೆ ಹಂಚಿಹೋಗಿದೆ. ಸೋಲಾರ್‌ಗೆ ಸಹಾಯಧನವನ್ನು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಕೊಡುತ್ತದೆ. ಉಪಕರಣಗಳ ದಕ್ಷತೆಯ ಲೇಬಲ್ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ಕೈಯಲ್ಲಿದೆ. ಅಗ್ಗದ ಉಪಕರಣಗಳ ಯೋಜನೆಗಳನ್ನು ಇಇಎಸ್‌ಎಲ್ ಎಂಬ ಸರಕಾರಿ ಕಂಪನಿಯೂ ವಿದ್ಯುತ್ ವಿತರಣಾ ಸಂಸ್ಥೆಗಳೂ ನಡೆಸುತ್ತವೆ. ಆಸ್ತಿ ತೆರಿಗೆಯ ರಿಯಾಯಿತಿ ಮಹಾನಗರಪಾಲಿಕೆಯಿಂದ ಬರಬೇಕು. ತಾರಸಿಯ ಸೋರಿಕೆ ನಿಲ್ಲಿಸುವುದು, ಬಿಸಿಲು ತಡೆಯುವುದು ಮುಂತಾದವು ಸೊಸೈಟಿಯ ಸ್ವಂತ ನಿಧಿಯಿಂದಲೇ ಆಗಬೇಕಾದ ಕೆಲಸಗಳು. ಇವನ್ನೆಲ್ಲ ಒಂದು ಕ್ರಮದಲ್ಲಿ ಜೋಡಿಸಿಕೊಳ್ಳುವ ಹೊಣೆ ಮನೆಯವರದ್ದೇ.

ಮೊದಲು ಬಿಲ್ಲು ಮತ್ತು ಕಾಗದಪತ್ರ

ಕಳೆದ 12 ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ, ಪ್ರತಿ ತಿಂಗಳು ಬಳಸಿದ ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಹಾರಾಷ್ಟ್ರದಲ್ಲಿ ಗೃಹಬಳಕೆಯ ದರ 100, 300 ಮತ್ತು 500 ಯೂನಿಟ್‌ಗಳ ಮೆಟ್ಟಿಲುಗಳಲ್ಲಿ ಏರುತ್ತದೆ. ಇದರ ಮೇಲೆ ವಿದ್ಯುತ್ತನ್ನು ಮನೆಯವರೆಗೆ ತಂದುಕೊಡುವುದಕ್ಕೆ ಹಾಕುವ ವಹನ ಶುಲ್ಕ, ಶೇಕಡಾ 16ರ ವಿದ್ಯುತ್ ತೆರಿಗೆ ಸೇರುತ್ತವೆ. ಹೀಗಾಗಿ ಉಳಿಸಿದ ಪ್ರತಿ ಯೂನಿಟ್ ಅತಿ ದುಬಾರಿಯಾದ ಮೇಲಿನ ಮೆಟ್ಟಿಲಿನಿಂದಲೇ ಕಡಿಮೆಯಾಗುತ್ತದೆ. ಒಟ್ಟು ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ ಸಿಗುವ ಸರಾಸರಿ ದರದಿಂದ ಲೆಕ್ಕ ಹಾಕಿದರೆ ಉಳಿತಾಯ ನಿಜಕ್ಕಿಂತ ಕಡಿಮೆ ಕಾಣುತ್ತದೆ. ನಿಮ್ಮ ಬಳಕೆ ಯಾವ ಮೆಟ್ಟಿಲಿನಲ್ಲಿ ಮುಗಿಯುತ್ತದೆಯೋ ಆ ಮೆಟ್ಟಿಲಿನ ದರಕ್ಕೆ ತೆರಿಗೆ ಮತ್ತು ವಹನ ಶುಲ್ಕ ಸೇರಿಸಿ ಬರುವ ಮೊತ್ತವನ್ನು ‘ತುದಿಯ ಯೂನಿಟ್ಟಿನ ಬೆಲೆ’ ಎಂದು ಬರೆದಿಟ್ಟುಕೊಳ್ಳಿ; ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಆಧಾರ.

ಬಿಲ್ಲಿನಿಂದ ಇನ್ನೂ ನಾಲ್ಕು ವಿವರಗಳು ಬೇಕು: ವಿತರಣಾ ಸಂಸ್ಥೆಯ ಹೆಸರು, ಗ್ರಾಹಕ ಸಂಖ್ಯೆ, ಮಂಜೂರಾದ ಲೋಡ್, ಮತ್ತು ಗ್ರಾಹಕರ ಹೆಸರು. ಮಾಟುಂಗ, ಸಯನ್‌ವರೆಗಿನ ಮುಂಬಯಿ ನಗರಕ್ಕೆ ಬೆಸ್ಟ್, ಬಾಂದ್ರಾದಿಂದ ಭಾಯಂದರ್‌ವರೆಗಿನ ಉಪನಗರಗಳಿಗೆ ಅದಾನಿ ಅಥವಾ ಟಾಟಾ ಪವರ್, ಮುಲುಂಡ್, ಠಾಣೆ, ಡೊಂಬಿವಲಿ, ನವಿಮುಂಬಯಿ ಹಾಗೂ ಪುಣೆಗೆ ಮಹಾವಿತರಣ, ಗೋವೆಗೆ ಅಲ್ಲಿನ ಸರಕಾರಿ ವಿದ್ಯುತ್ ಇಲಾಖೆ ವಿದ್ಯುತ್ ಪೂರೈಸುತ್ತವೆ. ಅರ್ಜಿ ಹಾಕುವಾಗ ಈ ಆಯ್ಕೆ ತಪ್ಪಿದರೆ ಗ್ರಾಹಕ ಸಂಖ್ಯೆಯೇ ಸಿಗುವುದಿಲ್ಲ.

ಹೆಸರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರನಾಡಿನ ಕನ್ನಡಿಗರ ಅರ್ಜಿಗಳು ಸಿಕ್ಕಿಬೀಳುವ ಜಾಗ ಇದು. ಮಹಾರಾಷ್ಟ್ರದ ದಾಖಲೆಗಳಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ರೂಢಿಯಲ್ಲಿದೆ. ನಮ್ಮವರ ಶಾಲಾ ದಾಖಲೆಗಳಲ್ಲಿ ಊರಿನ ಮತ್ತು ತಂದೆಯ ಮೊದಲಕ್ಷರಗಳಿರುತ್ತವೆ; ಆಧಾರ್‌ನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ, ಮೀಟರಿನಲ್ಲಿ ಎಂದೋ ತೀರಿಕೊಂಡ ತಂದೆಯ ಹೆಸರು ಅಥವಾ ಫ್ಲ್ಯಾಟ್ ಮಾರಿದ ಮೊದಲ ಮಾಲೀಕರ ಹೆಸರು. ಸಹಾಯಧನ ಗ್ರಾಹಕರ ಬ್ಯಾಂಕ್ ಖಾತೆಗೇ ಜಮೆಯಾಗುವುದರಿಂದ ಬಿಲ್ಲು, ಗುರುತಿನ ದಾಖಲೆ, ಖಾತೆ ಈ ಮೂರರಲ್ಲಿ ಹೆಸರು ಹೊಂದಿಕೆಯಾಗಬೇಕು. ಮೀಟರಿನ ಹೆಸರು ಬದಲಾವಣೆಗೆ ಸೊಸೈಟಿಯ ಷೇರು ಪ್ರಮಾಣಪತ್ರ ಅಥವಾ ಖರೀದಿ ಕರಾರು, ವಾರಸುದಾರರಾದರೆ ಮರಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿ. ಪ್ಯಾನೆಲ್ ಕೂರಿಸಿದ ಮೇಲೆ ಹೆಸರು ಬದಲಿಸಲು ಹೊರಟರೆ ಕೈಯಿಂದ ಹಾಕಿದ ಹಣ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಸೋಲಾರ್‌ಗಿಂತ ಮೊದಲು ಬಳಕೆ ತಗ್ಗಿಸುವುದು

ಬೇಡದ ಬಳಕೆಯನ್ನು ಹಾಗೆಯೇ ಇಟ್ಟುಕೊಂಡು ಅದರ ಅಳತೆಗೆ ಸೋಲಾರ್ ಕೂರಿಸುವುದು ದುಂದು. ಮುಂಬಯಿ, ಗೋವೆಗಳ ಸೆಖೆಯಲ್ಲಿ ಫ್ಯಾನುಗಳಿಗೆ ವರ್ಷವಿಡೀ ವಿಶ್ರಾಂತಿಯಿಲ್ಲ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವಾಟ್ ಆಸುಪಾಸು ಎಳೆದರೆ ಬಿಎಲ್‌ಡಿಸಿ ಎಂಬ ಬ್ರಶ್‌ರಹಿತ ಮೋಟರಿನ ಫ್ಯಾನಿಗೆ 30 ವಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ನಾಲ್ಕು ಫ್ಯಾನುಗಳಿಗೆ 65 ಯೂನಿಟ್. ತುದಿಯ ಯೂನಿಟ್ 12 ರೂಪಾಯಿ ಬೀಳುತ್ತದೆಂದರೆ ತಿಂಗಳಿಗೆ 780 ರೂಪಾಯಿ, ಎಂದರೆ ತಲಾ 3,000 ರೂಪಾಯಿಯಂತೆ ಹಾಕಿದ ಹಣ ಸುಮಾರು 16 ತಿಂಗಳಲ್ಲಿ ಮರಳುತ್ತದೆ. ನೆಂಟರು ಬಂದಾಗ ಮಾತ್ರ ಹಾಕುವ ಕೋಣೆಯ ಫ್ಯಾನನ್ನು ಬದಲಿಸುವ ಅಗತ್ಯವಿಲ್ಲ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ಹೋಲಿಸಿ ನೋಡುವುದು ಕಷ್ಟವಲ್ಲ.

ಇಲ್ಲಿ ಸರಕಾರದ ನೆರವು ಸಹಾಯಧನದ ರೂಪದಲ್ಲಿ ಬರುವುದಕ್ಕಿಂತ ಸಗಟು ಖರೀದಿಯ ರೂಪದಲ್ಲಿ ಬರುತ್ತದೆ. 2015ರ ಜನವರಿ 5ರಂದು ಆರಂಭವಾದ ಉಜಾಲಾ ಯೋಜನೆಯಲ್ಲಿ ಇಇಎಸ್‌ಎಲ್ ದೊಡ್ಡ ಪ್ರಮಾಣದಲ್ಲಿ ಎಲ್‌ಇಡಿ ಬಲ್ಬ್ ಖರೀದಿಸಿ 9 ವಾಟಿನ ಬಲ್ಬನ್ನು 70 ರೂಪಾಯಿಯವರೆಗೆ ಇಳಿಸಿತು. ಆರಂಭದಲ್ಲಿ ಬಲ್ಬಿನ ಬೆಲೆಯನ್ನು ವಿದ್ಯುತ್ ಬಿಲ್ಲಿನಲ್ಲೇ ಕಂತುಗಳಾಗಿ ಕಟ್ಟುವ ಸೌಲಭ್ಯವೂ ಇತ್ತು. ಆ ಕ್ರಮವನ್ನು ಫ್ಯಾನಿಗೂ ಫ್ರಿಜ್ಜಿಗೂ ವ್ಯಾಪಕವಾಗಿ ತಂದಿದ್ದರೆ ಕೈಯಲ್ಲಿ ಇಡುಗಂಟಿಲ್ಲದ ಮನೆಗಳಿಗೆ ಇನ್ನೂ ಹೆಚ್ಚು ಉಪಕಾರವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. 2023ರ ನವೆಂಬರಿನಲ್ಲಿ ಇಇಎಸ್‌ಎಲ್ 1 ಕೋಟಿ ದಕ್ಷ ಫ್ಯಾನುಗಳ ಮತ್ತು 20 ಲಕ್ಷ ಇಂಡಕ್ಷನ್ ಒಲೆಗಳ ಗುರಿಯ ಕಾರ್ಯಕ್ರಮಗಳನ್ನು ಘೋಷಿಸಿತು. ಇದಲ್ಲದೆ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗದ 2010ರ ಬೇಡಿಕೆ ನಿರ್ವಹಣಾ ನಿಯಮಗಳ ಅಡಿ ಮುಂಬಯಿಯ ವಿತರಣಾ ಸಂಸ್ಥೆಗಳು ಹಳೆಯ ಫ್ಯಾನ್, ಫ್ರಿಜ್, ಎಸಿ ಹಿಂತಿರುಗಿಸಿದರೆ ದಕ್ಷ ಉಪಕರಣವನ್ನು ರಿಯಾಯಿತಿಯಲ್ಲಿ ಕೊಡುವ ಕಾರ್ಯಕ್ರಮಗಳನ್ನು ನಡೆಸಿವೆ. ಇಂಥವು ನಿಗದಿತ ಸಂಖ್ಯೆ ಮುಗಿದೊಡನೆ ಮುಚ್ಚುತ್ತವೆ. ಖರೀದಿಗೆ ಹೊರಡುವ ಮುನ್ನ ನಿಮ್ಮ ಸಂಸ್ಥೆಯ ಜಾಲತಾಣ ನೋಡಿ, ಹಳೆಯ ಉಪಕರಣವನ್ನು ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿ.

ಎಸಿಯ ಲೇಬಲ್ಲಿನಲ್ಲಿ ಬರೆದ ವಾರ್ಷಿಕ ಬಳಕೆ 1,600 ಗಂಟೆಗಳ ಓಟಕ್ಕೆ ಲೆಕ್ಕ ಹಾಕಿದ್ದು. ಪುಣೆಯಲ್ಲಿ ಬೇಸಗೆಯ ಮೂರು ತಿಂಗಳು ರಾತ್ರಿ ಎಂಟು ಗಂಟೆ ಮಾತ್ರ ಎಸಿ ಹಾಕುವ ಮನೆಯಲ್ಲಿ ಅದು ಸುಮಾರು 720 ಗಂಟೆ ಓಡುತ್ತದೆ. ಮೂರು ಸ್ಟಾರ್ ಮತ್ತು ಐದು ಸ್ಟಾರ್‌ಗಳ ನಡುವಣ ಉಳಿತಾಯವೂ ಲೇಬಲ್ ತೋರಿಸುವುದರ ಅರ್ಧಕ್ಕಿಂತ ಕಡಿಮೆ. ಮುಂಬಯಿಯಲ್ಲಿ ಎಂಟು ತಿಂಗಳು ಎಸಿ ಹಾಕುವವರಿಗೆ ಐದು ಸ್ಟಾರ್ ಲಾಭಕರ. ಸ್ಟಾರ್‌ನ ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಲೇಬಲ್ಲಿನ ಮೇಲಿರುವ ಅವಧಿಯನ್ನು ಓದಿ. ಹಳೆಯ ಅವಧಿಯ ಐದು ಸ್ಟಾರ್ ಹೊಸ ಅವಧಿಯಲ್ಲಿ ನಾಲ್ಕಕ್ಕೆ ಇಳಿದಿರಬಹುದು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೂ ಸೋಲಾರ್ ಉಪಕರಣಗಳದ್ದು 12ರಿಂದ 5ಕ್ಕೂ ಇಳಿದಿದೆ; ಅದಕ್ಕಿಂತ ಹಿಂದಿನ ಕೊಟೇಶನ್ ಹಿಡಿದು ಚೌಕಾಸಿ ಮಾಡಬೇಡಿ.

ಮೇಲಿನ ಮಹಡಿಯವರ ಸಂಕಟ ಬೇರೆ. ಹಗಲಿಡೀ ಕಾದ ಸ್ಲ್ಯಾಬ್ ರಾತ್ರಿ ಕೋಣೆಯೊಳಗೆ ಶಾಖ ಬಿಡುತ್ತಿರುವಾಗ ಎಸಿ ಎಷ್ಟು ದಕ್ಷವಾದರೂ ಅದು ಪೂರ್ತಿ ಪರಿಹಾರವಲ್ಲ. ಬ್ರಿಕ್‌ಬ್ಯಾಟ್ ಕೋಬಾದ (ಒಡೆದ ಇಟ್ಟಿಗೆಯ ಜಲನಿರೋಧಕ ಹಾಸಿನ) ಮೇಲೆ ಬಿಳಿ ಚೀನಾ ಮೊಸಾಯಿಕ್ (ಒಡೆದ ಟೈಲ್ ಚೂರುಗಳನ್ನು) ಹಾಸುವ ಪದ್ಧತಿ ನಮ್ಮ ಕಡೆಯ ಕಟ್ಟಡಗಳಲ್ಲಿ ಹಿಂದಿನಿಂದಲೂ ಇದೆ. ಅದು ಸೋರಿಕೆಯನ್ನೂ ತಡೆಯುತ್ತದೆ, ಬಿಸಿಲನ್ನೂ ಹಿಂದಕ್ಕೆ ಎಸೆಯುತ್ತದೆ. ಬಿಳಿ ಪ್ರತಿಫಲಕ ಬಣ್ಣ ಅಗ್ಗ, ಆದರೆ ಮಳೆಗಾಲದ ಪಾಚಿ, ಕೊಳೆ ಕುಳಿತ ಮೇಲೆ ಅದರ ಗುಣ ತಗ್ಗುತ್ತದೆ. ಯಾವುದೇ ಆಗಲಿ, ಸೋಲಾರ್ ಕೂರಿಸುವ ಮೊದಲೇ ಮುಗಿಯಬೇಕು. ಪ್ಯಾನೆಲ್‌ಗಳ ಕಾಲುಗಳು ನಿಂತ ಮೇಲೆ ತಾರಸಿ ಸೋರತೊಡಗಿದರೆ ಗುತ್ತಿಗೆದಾರರಿಬ್ಬರೂ ಪರಸ್ಪರ ಬೆರಳು ತೋರಿಸುವುದೇ ಹೆಚ್ಚು.

ಸ್ವಂತ ಛಾವಣಿ ಇದ್ದವರಿಗೆ

ಪುಣೆಯ ಬಂಗಲೆ, ರೋ ಹೌಸ್‌ಗಳಲ್ಲಿ ಅಥವಾ ಗೋವೆಯ ವಾಸ್ಕೊ, ಪೊಂಡಾ ಸುತ್ತಿನ ಸ್ವಂತ ಮನೆಗಳಲ್ಲಿ ಇರುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆ ನೇರವಾಗಿ ಅನ್ವಯಿಸುತ್ತದೆ. ಒಂದು ಕೋಟಿ ಮನೆಗಳ ಗುರಿಯ ಈ ಯೋಜನೆಗೆ 75,021 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ ಗರಿಷ್ಠ 78,000 ರೂಪಾಯಿ. 5 ಕಿಲೋವಾಟ್ ಕೂರಿಸಿದರೂ ಸಹಾಯಧನ ಅಷ್ಟೇ. ಹೆಸರಿನಲ್ಲಿರುವ ‘ಮುಫ್ತ್’ ಹಲವರನ್ನು ತಪ್ಪು ದಾರಿಗೆ ಎಳೆದಿದೆ. ತಿಂಗಳಿಗೆ 300 ಯೂನಿಟ್ ಉಚಿತವೆಂದರೆ ಸರಕಾರ ಅಷ್ಟು ವಿದ್ಯುತ್ ಕೊಡುತ್ತದೆ ಎಂದಲ್ಲ. 3 ಕಿಲೋವಾಟಿನ ಸೋಲಾರ್ ನಿಮ್ಮ ಛಾವಣಿಯ ಮೇಲೆ ಸರಾಸರಿ ಅಷ್ಟು ಉತ್ಪಾದಿಸುತ್ತದೆ ಎಂದು. ಸ್ಥಿರ ಶುಲ್ಕವಂತೂ ಬರುತ್ತಲೇ ಇರುತ್ತದೆ. ತಿಂಗಳಿಗೆ 100 ಯೂನಿಟ್‌ಗಿಂತ ಕಡಿಮೆ ಬಳಸುವ ಮತ್ತು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಮಹಾರಾಷ್ಟ್ರ ಸರಕಾರ ಇದರ ಮೇಲೆ ತನ್ನದೊಂದು ಪಾಲನ್ನೂ ಸೇರಿಸುತ್ತದೆ. ಅರ್ಹರು ಮಹಾವಿತರಣದ ಕಚೇರಿಯಲ್ಲಿ ತಪ್ಪದೆ ವಿಚಾರಿಸಬೇಕು.

ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಗ್ರಾಹಕ ಸಂಖ್ಯೆ ಕೊಟ್ಟು ನೋಂದಾಯಿಸಿದ ಮೇಲೆ, ಅಲ್ಲೇ ಇರುವ ಪಟ್ಟಿಯಿಂದ ನೋಂದಾಯಿತ ಮಾರಾಟಗಾರರನ್ನು ಆರಿಸಿಕೊಳ್ಳಬೇಕು. ನೋಂದಣಿಗೆ ಶುಲ್ಕವಿಲ್ಲ, ‘ಸರಕಾರದಿಂದ ಮಾತಾಡುತ್ತಿದ್ದೇವೆ’ ಎಂದು ಫೋನಿನಲ್ಲಿ ಮುಂಗಡ ಕೇಳುವವರಿಗೆ ಒಂದು ಪೈಸೆ ಕಳಿಸಬೇಡಿ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಅಧ್ಯಯನ ಬೇಕಿಲ್ಲ, ಅದು ಒಪ್ಪಿಗೆಯಾದಂತೆಯೇ. ಕೆಲಸ ಮುಗಿದ ಮೇಲೆ ವಿತರಣಾ ಸಂಸ್ಥೆ ನೆಟ್ ಮೀಟರ್ (ಜಾಲಕ್ಕೆ ಕೊಟ್ಟ, ಅಲ್ಲಿಂದ ಪಡೆದ ಯೂನಿಟ್‌ಗಳೆರಡನ್ನೂ ಅಳೆಯುವ ಮೀಟರ್) ಹಾಕಿ ಚಾಲೂ ಮಾಡಬೇಕಾದ ಅವಧಿಯನ್ನೂ 30 ದಿನದಿಂದ 15ಕ್ಕೆ ಇಳಿಸಲಾಗಿದೆ. ವಿಳಂಬವಾದಾಗ ಈ ನಿಯಮವನ್ನು ಉಲ್ಲೇಖಿಸಿ ಲಿಖಿತವಾಗಿ ಬರೆಯುವುದು ಫೋನಿನಲ್ಲಿ ವಾದಿಸುವುದಕ್ಕಿಂತ ಫಲಕಾರಿ. ಚಾಲನಾ ಪ್ರಮಾಣಪತ್ರ ಬಂದ ಮೇಲೆ ಬ್ಯಾಂಕಿನ ವಿವರ ತುಂಬಿದರೆ ಸಹಾಯಧನ ಖಾತೆಗೆ ಬರುತ್ತದೆ. ಪ್ಯಾನೆಲ್‌ಗಳು ದೇಶದಲ್ಲೇ ತಯಾರಾದ ಸೆಲ್‌ಗಳಿಂದ ಮಾಡಿದ ಡಿಸಿಆರ್ ವರ್ಗದವಾಗಿರಬೇಕು. ಅಗ್ಗವೆಂದು ಬೇರೆ ಪ್ಯಾನೆಲ್ ಹಾಕಿಸಿಕೊಂಡರೆ ಸಹಾಯಧನದ ಹಕ್ಕು ಹೋಗುತ್ತದೆ. ಕೊಟೇಶನ್‌ನಲ್ಲಿ ‘ಡಿಸಿಆರ್’ ಎಂಬುದನ್ನು ಬರೆಸಿಕೊಳ್ಳಿ.

ಗೋವೆಯ ಹಂಚಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮಂಗಳೂರು ಹಂಚಿನ ಮೇಲೆ ಪ್ಯಾನೆಲ್ ಕೂರಿಸುವಾಗ ಭಾರವನ್ನು ಹಂಚು ಹೊರಬಾರದು, ರೀಪಿನ ಕೆಳಗಿನ ಪಕಾಸಿಗಳು ಹೊರಬೇಕು. ಹಳೆಯ ಮರ ಗೆದ್ದಲು ತಿಂದಿದ್ದರೆ ಅಂಗಳದಲ್ಲೋ ಸ್ನಾನದ ಮನೆಯ ಕಾಂಕ್ರೀಟ್ ಮಾಡಿನ ಮೇಲೋ ಕಬ್ಬಿಣದ ಚೌಕಟ್ಟು ನಿಲ್ಲಿಸುವುದು ಮೇಲು.

ಸೊಸೈಟಿಯ ಮೂಲಕ ಮಾಡುವ ಕೆಲಸ

ಫ್ಲ್ಯಾಟಿನವರ ಮಟ್ಟಿಗೆ ನಿಜವಾದ ಅವಕಾಶ ಇರುವುದು ಸೊಸೈಟಿಯ ಸಾಮೂಹಿಕ ಮೀಟರಿನಲ್ಲಿ. ಲಿಫ್ಟ್, ನೀರಿನ ಪಂಪ್, ಜಿನೆಯ (ಮೆಟ್ಟಿಲುಗಳ) ದೀಪ, ಪಾರ್ಕಿಂಗಿನ ದೀಪಗಳ ಬಳಕೆಯೆಲ್ಲ ಒಂದೆರಡು ಮೀಟರುಗಳಲ್ಲಿ ಸೇರುವುದರಿಂದ ಅದು ತಿಂಗಳಿಗೆ ಸಾವಿರಾರು ಯೂನಿಟ್ ದಾಟುತ್ತದೆ. ಮನೆಬಳಕೆಯ ದರವೇ ಆದರೂ ಬಹುಪಾಲು 500ರ ಮೇಲಿನ ಮೆಟ್ಟಿಲಿನಲ್ಲೇ ಬೀಳುತ್ತದೆ. ಸೂರ್ಯ ಘರ್ ಯೋಜನೆಯಲ್ಲಿ ಗೃಹನಿರ್ಮಾಣ ಸೊಸೈಟಿಗಳ ಸಾಮೂಹಿಕ ಸೌಲಭ್ಯಗಳಿಗೆ, ವಾಹನ ಚಾರ್ಜಿಂಗ್ ಸೇರಿದಂತೆ, ಪ್ರತಿ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಮನೆಗೆ 3 ಕಿಲೋವಾಟ್‌ನಂತೆ 500 ಕಿಲೋವಾಟ್‌ವರೆಗೆ ಮಿತಿ. ಸದಸ್ಯರು ತಮ್ಮ ಲೆಕ್ಕಕ್ಕೆ ಹಾಕಿಸಿಕೊಂಡ ಸೋಲಾರ್ ಕೂಡ ಈ ಮಿತಿಯೊಳಗೇ ಬರುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. 60 ಫ್ಲ್ಯಾಟಿನ ಸೊಸೈಟಿಗೆ ನಿಯಮದ ಪ್ರಕಾರ 180 ಕಿಲೋವಾಟ್ ಸಾಧ್ಯವಾದರೂ, ಒಂದು ಕಿಲೋವಾಟ್‌ಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕಾಗುವುದರಿಂದ ನೀರಿನ ಟ್ಯಾಂಕಿ, ಲಿಫ್ಟ್ ಕೋಣೆ, ಪಕ್ಕದ ಎತ್ತರದ ಟವರಿನ ನೆರಳು ಕಳೆದು 200 ಚದರ ಮೀಟರ್ ಸಿಕ್ಕಿತೆಂದುಕೊಳ್ಳಿ. ಅಲ್ಲಿ 20 ಕಿಲೋವಾಟ್ ಕೂರುತ್ತದೆ. ಜನರು ಅಡಿಯಲ್ಲಿ ಓಡಾಡುವಂತೆ ಎತ್ತರದ ಚೌಕಟ್ಟು ಬೇಕೆಂದಾಗ ಕಿಲೋವಾಟ್‌ಗೆ 60,000 ರೂಪಾಯಿ ಹಿಡಿದರೆ ಒಟ್ಟು 12 ಲಕ್ಷ, ಸಹಾಯಧನ 3.6 ಲಕ್ಷ ಕಳೆದು 8.4 ಲಕ್ಷ, ಎಂದರೆ ಫ್ಲ್ಯಾಟಿಗೆ 14,000. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ತಿಂಗಳುಗಳನ್ನೂ ಸೇರಿಸಿ ವರ್ಷಕ್ಕೆ 28,000 ಯೂನಿಟ್ ಉತ್ಪಾದನೆ, ಯೂನಿಟ್‌ಗೆ 10 ರೂಪಾಯಿಯಂತೆ 2.8 ಲಕ್ಷ ಉಳಿತಾಯ. ಮೂರು ವರ್ಷಗಳಲ್ಲಿ ಹಾಕಿದ ಹಣ ಹಿಂತಿರುಗುತ್ತದೆ. ನಿಮ್ಮ ಸಂಖ್ಯೆಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಮಾತ್ರ ಇದೇ. ಇದಕ್ಕೂ ಮೊದಲು ಜಿನೆಯ ದೀಪಗಳನ್ನು ಸೆನ್ಸರ್ ಇರುವ ಎಲ್‌ಇಡಿಗೆ ಬದಲಿಸಿ, ಟ್ಯಾಂಕಿ ತುಂಬಿದೊಡನೆ ಪಂಪ್ ತಾನಾಗಿ ನಿಲ್ಲುವ ವ್ಯವಸ್ಥೆ ಮಾಡಿದರೆ 20ರ ಬದಲು 17 ಕಿಲೋವಾಟ್ ಸಾಕಾಗಬಹುದು. ಅನೇಕ ಸೊಸೈಟಿಗಳಲ್ಲಿ ಪಂಪಿನ ಮೇಲೆ ನಿಗಾ ಇಡುವುದು ವಾಚ್‌ಮನ್‌ನ ಕಿವಿ ಮಾತ್ರ. ಟ್ಯಾಂಕಿ ತುಂಬಿ ಹರಿಯುವ ಸದ್ದು ಕೇಳಿದಾಗ ಸ್ವಿಚ್ ಆರುತ್ತದೆ.

ಠರಾವು ಪಾಸಾಗುವುದು ಸಂಖ್ಯೆಗಳಿಂದ ಮಾತ್ರವಲ್ಲ. ಸರ್ವಸದಸ್ಯರ ಸಭೆಗೆ ಉಪವಿಧಿಯಂತೆ ನೋಟಿಸ್ ಕೊಟ್ಟು, ವಿಷಯವನ್ನು ಕಾರ್ಯಸೂಚಿಯಲ್ಲಿ ಸ್ಪಷ್ಟವಾಗಿ ಬರೆದು, ಕನಿಷ್ಠ ಮೂರು ಕೊಟೇಶನ್‌ಗಳ ಹೋಲಿಕೆಯ ಹಾಳೆಯನ್ನು ಎಲ್ಲರಿಗೂ ಮುಂಚಿತವಾಗಿ ಹಂಚಿ. ಸಭೆಯಲ್ಲಿ ಎದುರಾಗುವ ಆಕ್ಷೇಪಗಳು ಬಹುತೇಕ ಮೂರು: ಮೇಲಿನ ಮಹಡಿಯವರಿಗೆ ಸೋರಿಕೆಯ ಭಯ, ಬಾಡಿಗೆಗೆ ಕೊಟ್ಟು ಬೇರೆಡೆ ಇರುವ ಮಾಲೀಕರಿಗೆ ಲಾಭ ಕಾಣದಿರುವುದು, ಮತ್ತು ಪುನರಭಿವೃದ್ಧಿಯ ನಿರೀಕ್ಷೆ. ಮೊದಲನೆಯದಕ್ಕೆ ಜಲನಿರೋಧಕ ಕೆಲಸದ ಗ್ಯಾರಂಟಿ ಪತ್ರ, ಎರಡನೆಯದಕ್ಕೆ ಮೇಂಟೆನೆನ್ಸ್ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಉತ್ತರವಾಗುತ್ತದೆ. ಮೂರನೆಯದು ಗಂಭೀರವಾದದ್ದು. ಸೊಸೈಟಿಗಳಿಗೆ ಸರಕಾರ ರೂಪಿಸಿದ ಮಾದರಿ ಉಪವಿಧಿಗಳು 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಕೇಳುತ್ತವೆ. ಆ ವರದಿ ಓದದೆ ತಾರಸಿಯ ಮೇಲೆ ಭಾರ ಏರಿಸಬಾರದು. ಐದು ವರ್ಷದೊಳಗೆ ಕಟ್ಟಡ ಕೆಡವುವುದು ನಿಶ್ಚಯವಾಗಿದ್ದರೆ ಸೋಲಾರ್ ಬಿಟ್ಟು ದೀಪ, ಪಂಪ್‌ಗಳಿಗಷ್ಟೇ ನಿಲ್ಲುವುದು ಒಳ್ಳೆಯದು.

ಠರಾವಿನಲ್ಲಿ ಕಿಲೋವಾಟ್, ಒಟ್ಟು ಮೊತ್ತ, ಹಣದ ಮೂಲ, ಸಹಿ ಮಾಡಲು ಅಧಿಕಾರವಿರುವ ಪದಾಧಿಕಾರಿಗಳು, ಸಹಾಯಧನ ಜಮೆಯಾಗುವ ಸೊಸೈಟಿಯ ಖಾತೆ ಇಷ್ಟೂ ಇರಬೇಕು. ಮಾದರಿ ಉಪವಿಧಿಗಳ ಪ್ರಕಾರ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.75 ದುರಸ್ತಿ ನಿಧಿಗೂ 0.25 ಸಿಂಕಿಂಗ್ ಫಂಡ್‌ಗೂ (ದೊಡ್ಡ ದುರಸ್ತಿ, ಮರುನಿರ್ಮಾಣಕ್ಕೆಂದು ಕೂಡಿಡುವ ನಿಧಿಗೂ) ಸೇರುತ್ತಿರುತ್ತದೆ. ದುರಸ್ತಿ ನಿಧಿಯಿಂದ ತಾರಸಿಯ ಜಲನಿರೋಧಕ ಕೆಲಸ ಮುಗಿಸಿ, ಸೋಲಾರ್‌ಗೆ ಬೇರೆ ವಂತಿಗೆ ಅಥವಾ ಸಾಲ ಮಾಡುವುದು ಲೆಕ್ಕಪರಿಶೋಧಕರ ಆಕ್ಷೇಪಕ್ಕೆ ಎಡೆಗೊಡದ ದಾರಿ. ಹಣವೇ ಇಲ್ಲದಿದ್ದರೆ ಮೂರನೆಯವರು ಬಂಡವಾಳ ಹಾಕಿ, ಸೊಸೈಟಿ ಯೂನಿಟ್‌ಗೆ ಇಷ್ಟು ಎಂದು ಕೊಡುವ ರೆಸ್ಕೊ ಪದ್ಧತಿಯೂ ಇದೆ. ಅದರ ಕರಾರು ದೀರ್ಘಾವಧಿಯದು. ದರ ಪ್ರತಿ ವರ್ಷ ಏರುವ ಷರತ್ತು, ಮಧ್ಯದಲ್ಲಿ ಕಟ್ಟಡ ಕೆಡವಿದರೆ ಕೊಡಬೇಕಾದ ಮೊತ್ತ ಇವೆರಡನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಪುಣೆಯ ಹಲವು ಸೊಸೈಟಿಗಳ ತಾರಸಿಯನ್ನು ಹಳೆಯ ಸೋಲಾರ್ ನೀರುಹೀಟರುಗಳು ಆಗಲೇ ತುಂಬಿರುತ್ತವೆ. ಕೆಲಸ ಮಾಡುತ್ತಿದ್ದರೆ ಅವನ್ನು ಕೀಳಬೇಡಿ. ಗಡುಸು ನೀರಿನ ಕಿಟ್ಟ ಕಟ್ಟಿ ನಿಂತಿದ್ದರೆ ಮೊದಲು ಶುದ್ಧೀಕರಿಸಿ ನೋಡಿ. ಪುಣೆ ಮಹಾನಗರಪಾಲಿಕೆ ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ ಘಟಕಗಳಿಗೆ ಆಸ್ತಿಯ ಸಾಮಾನ್ಯ ತೆರಿಗೆಯಲ್ಲಿ ಶೇಕಡಾ 5ರಿಂದ 10 ರಿಯಾಯಿತಿ ಕೊಡುತ್ತದೆ, ಆದರೆ ಅವು ಚಾಲ್ತಿಯಲ್ಲಿರಬೇಕು. ಮಹಾರಾಷ್ಟ್ರ ಇಂಧನ ಅಭಿವೃದ್ಧಿ ಸಂಸ್ಥೆ ‘ಮೇಡಾ’ದ ಮುಖ್ಯ ಕಚೇರಿ ಪುಣೆಯಲ್ಲೇ ಇರುವುದು ಅಲ್ಲಿನವರಿಗೆ ಅನುಕೂಲ.

ಚಾಳುಗಳಲ್ಲಿ, ಪಗಡಿ ಮನೆಗಳಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಪಡೆದ ಹಳೆಯ ಬಾಡಿಗೆ ಮನೆಗಳಲ್ಲಿ) ಇರುವವರಿಗೆ ತಾರಸಿಯ ಹಕ್ಕಿಲ್ಲ. ಅವರು ಫ್ಯಾನ್, ಬಲ್ಬ್, ಫ್ರಿಜ್‌ಗಳಿಗೆ ಗಮನ ಕೊಟ್ಟರೆ ಸಾಕು. ಹಳೆಯ ವೈರಿಂಗ್ ಇದ್ದರೆ ಇಂಡಕ್ಷನ್ ಒಲೆ ತರುವ ಮುನ್ನ ಅದನ್ನು ಬದಲಿಸಲೇಬೇಕು.

ಸಾಲ ಮತ್ತು ಕಂತು

ಸಹಾಯಧನ ಕೆಲಸ ಮುಗಿದ ಮೇಲೆ ಬರುವಂಥದ್ದು. ಆದ್ದರಿಂದ ಪೂರ್ತಿ ಮೊತ್ತವನ್ನು ಮೊದಲು ಹೊಂದಿಸಿಕೊಳ್ಳಬೇಕು. ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ವರೆಗಿನ ಮನೆಗಳಿಗೆ ಅಡಮಾನವಿಲ್ಲದೆ, ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ) ಶೇಕಡಾ 0.5 ಸೇರಿಸಿದ ಬಡ್ಡಿಯಲ್ಲಿ ಸರಕಾರಿ ಬ್ಯಾಂಕುಗಳು ಸಾಲ ಕೊಡುತ್ತವೆ. ಯೋಜನೆ ಆರಂಭವಾದಾಗ ಅದು ಶೇಕಡಾ 7ರ ಹತ್ತಿರವಿತ್ತು. 1.8 ಲಕ್ಷದ ಕೆಲಸಕ್ಕೆ ಹತ್ತನೆಯ ಒಂದು ಪಾಲು ಕೈಯಿಂದ ಹಾಕಿ 1.62 ಲಕ್ಷ ಸಾಲ ಮಾಡಿದರೆ, ಹತ್ತು ವರ್ಷಕ್ಕೆ ಶೇಕಡಾ 7ರಲ್ಲಿ ಕಂತು ಸುಮಾರು 1,880 ರೂಪಾಯಿ. ಬಂದ 78,000ವನ್ನು ಹಾಗೆಯೇ ಸಾಲಕ್ಕೆ ಜಮೆ ಮಾಡಿ ಕಂತು ಮರುನಿಗದಿ ಮಾಡಿಸಿದರೆ ಅದು ಸುಮಾರು 975ಕ್ಕೆ ಇಳಿಯುತ್ತದೆ. ಆ ಹಣ ಹಬ್ಬಕ್ಕೋ ಊರಿನ ನೇಮಕ್ಕೋ ಖರ್ಚಾದರೆ ಯೋಜನೆಯ ಅರ್ಧ ಲಾಭ ಹೋದಂತೆ.

ಎಸಿ, ಕಿಟಕಿ, ವೈರಿಂಗ್ ಮುಂತಾದವಕ್ಕೆ ಗೃಹಸಾಲದ ಟಾಪ್-ಅಪ್ ಅಥವಾ ಮನೆ ದುರಸ್ತಿ ಸಾಲ ಅಂಗಡಿಯವರ ‘ಶೂನ್ಯ ಬಡ್ಡಿ’ ಕಂತಿಗಿಂತ ಅಗ್ಗವೋ ಎಂದು ಪ್ರೊಸೆಸಿಂಗ್ ಶುಲ್ಕ ಸೇರಿಸಿ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ತಾವು ವಾಸಿಸುವ ಮನೆಯ ದುರಸ್ತಿ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಅದಿಲ್ಲ. ಮುಂಬಯಿಯಲ್ಲಿ ನಮ್ಮವರೇ ಕಟ್ಟಿ ಬೆಳೆಸಿದ ಸಹಕಾರಿ ಬ್ಯಾಂಕುಗಳಲ್ಲೂ ವಿಚಾರಿಸಿ, ಆದರೆ ಪರಿಚಯದ ಸಲುಗೆಗೆ ಹೆಚ್ಚಿನ ಬಡ್ಡಿ ಒಪ್ಪಬೇಡಿ.

ಕೆಲಸ ಮಾಡಿಸುವಾಗ

ಹಣವನ್ನು ಹಂತ ಹಂತವಾಗಿ ಕೊಡುವಂತೆ ಕರಾರು ಬರೆಸಿ: ಒಂದು ಪಾಲು ಸಾಮಗ್ರಿ ತಾರಸಿಗೆ ಬಂದಾಗ, ಒಂದು ಪಾಲು ಜೋಡಣೆ ಮುಗಿದಾಗ, ಶೇಕಡಾ 10ನ್ನಾದರೂ ನೆಟ್ ಮೀಟರ್ ಚಾಲೂ ಆದ ಮೇಲೆ. ಗಾಳಿಯ ಲೆಕ್ಕವನ್ನು ಮರೆಯಬೇಡಿ. ಭಾರತೀಯ ಮಾನಕದ ಪ್ರಕಾರ ಮುಂಬಯಿಗೆ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಪುಣೆ ಮತ್ತು ಪಣಜಿಗೆ 39. 2020ರ ನಿಸರ್ಗ, 2021ರ ತೌಕ್ತೆ ಚಂಡಮಾರುತಗಳನ್ನು ಕಂಡವರಿಗೆ ಇದರ ಅಗತ್ಯ ವಿವರಿಸಬೇಕಿಲ್ಲ. ಚೌಕಟ್ಟಿನ ವಿನ್ಯಾಸಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಕೇಳಿ. ಕಡಲ ತೀರದಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುವುದರಿಂದ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ ಚೌಕಟ್ಟು, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳು ಇರಲಿ. ತಾರಸಿಯಲ್ಲೇ ಕೊರೆದು ವೆಲ್ಡಿಂಗ್ ಮಾಡಿದ ಜಾಗದಿಂದ ತುಕ್ಕು ಶುರುವಾಗುತ್ತದೆ. ಅರ್ಥಿಂಗ್ ಗುಂಡಿಗಳು, ಸಿಡಿಲು ನಿರೋಧಕ ಕಂಬಿ ಕೊಟೇಶನ್‌ನಲ್ಲಿ ಬೇರೆ ಬೇರೆಯಾಗಿ ನಮೂದಾಗಿವೆಯೇ ನೋಡಿ, ಸೊಸೈಟಿಯ ವಿಮೆಯಲ್ಲಿ ಸೋಲಾರ್ ಘಟಕವನ್ನು ಸೇರಿಸಿ.

ಯೋಜನೆಯಡಿ ಮಾರಾಟಗಾರರು ಐದು ವರ್ಷ ನಿರ್ವಹಣೆ ಮಾಡಬೇಕು. ಧೂಳು ತೊಳೆಯುವುದು ಇದರಲ್ಲಿ ಸೇರಿದೆಯೇ, ಎಷ್ಟು ದಿನಕ್ಕೊಮ್ಮೆ, ನೀರು ಯಾರದು ಎಂಬುದನ್ನು ಬರೆಸಿಕೊಳ್ಳಿ. ಮೊದಲ ನೆಟ್ ಮೀಟರ್ ಬಿಲ್ಲು ಬಂದಾಗ ಜಾಲಕ್ಕೆ ರಫ್ತಾದ ಯೂನಿಟ್‌ಗಳು ಇನ್ವರ್ಟರಿನ (ಪ್ಯಾನೆಲ್‌ನ ವಿದ್ಯುತ್ತನ್ನು ಮನೆಬಳಕೆಗೆ ಪರಿವರ್ತಿಸುವ ಯಂತ್ರದ) ದಾಖಲೆಗೆ ಹೊಂದುತ್ತವೆಯೇ ಎಂದು ತಾಳೆ ನೋಡಿ. ಮಹಾರಾಷ್ಟ್ರದಲ್ಲಿ ಉಳಿದ ಯೂನಿಟ್‌ಗಳ ಲೆಕ್ಕ ಮಾರ್ಚ್ 31ಕ್ಕೆ ಇತ್ಯರ್ಥವಾಗುವುದರಿಂದ ಏಪ್ರಿಲ್ ಬಿಲ್ಲನ್ನು ಇನ್ನಷ್ಟು ಗಮನದಿಂದ ಓದಬೇಕು. ಪ್ಯಾನೆಲ್‌ಗಳ ಕ್ರಮಸಂಖ್ಯೆ, ಡಿಸಿಆರ್ ಪ್ರಮಾಣಪತ್ರ, ಗ್ಯಾರಂಟಿ, ಪೋರ್ಟಲ್‌ನ ಪಾಸ್‌ವರ್ಡ್ ಇವೆಲ್ಲ ಕಾರ್ಯದರ್ಶಿಯ ಸ್ವಂತ ಮೊಬೈಲಿನಲ್ಲಿ ಉಳಿಯಬಾರದು. ಸೊಸೈಟಿಯ ಕಡತದಲ್ಲಿ ಒಂದು ಪ್ರತಿ ಇಟ್ಟು, ಸಮಿತಿ ಬದಲಾದಾಗ ಸಹಿ ಪಡೆದು ಹಸ್ತಾಂತರಿಸಿ.